ಬಿಡುವು ಹುಡುಕುವ ಗುಂಡಿ

ಶಿಕ್ಷಕರಿಗೆ ತರಬೇತಿ ಕೊಡಬೇಕೆಂದರೆ ಮೊದಲು ಅವರನ್ನು ಹಿಡಿದು ಒಂದು ಕಡೆ ಕೂರಿಸಬೇಕು. ಅದು ತನ್ನ ಕೈಯಲ್ಲಿ ಆಗುವ ಕೆಲಸವಲ್ಲ ಎಂದು ಸರ್ಕಾರಕ್ಕೆ ಗೊತ್ತಾದ ವರ್ಷವೇ ಆ ಗುಂಡಿ ಬಂತು.

ಅದಕ್ಕೂ ಹಿಂದೆ ಆನ್‌ಲೈನ್ ತರಬೇತಿ ಎಂದರೆ ನೀಲಾಂಬಿಕಾ ಟೀಚರ್ ಏನು ಮಾಡುತ್ತಿದ್ದಳು? ಮೊಬೈಲನ್ನು ಜೋಳದ ಹಿಟ್ಟಿನ ಡಬ್ಬಿಗೆ ಒರಗಿಸಿ, ವಿಡಿಯೊ ಹಚ್ಚಿ, ದನಿ ಪೂರ್ತಿ ತಗ್ಗಿಸಿ ರೊಟ್ಟಿ ಬಡಿಯುತ್ತಿದ್ದಳು. ಪರದೆಯಲ್ಲಿ ಸೂಟು ಹಾಕಿದ ಯಾರೋ ಪುಣ್ಯಾತ್ಮ ಗ್ರಾಹಕರ ಮನಸ್ಸು ಗೆಲ್ಲುವುದು ಹೇಗೆಂದು ಕೈಕಾಲು ಆಡಿಸಿ ಹೇಳುತ್ತಿದ್ದ. ಇತ್ತ ಹಂಚಿನ ಮೇಲೆ ರೊಟ್ಟಿ ಉಬ್ಬುತ್ತಿತ್ತು. ಕೊನೆಯಲ್ಲಿ ಬರುವ ಪ್ರಶ್ನೆಗಳಿಗೆ ಸಹೋದ್ಯೋಗಿ ಇಮಾಮ್‌ಹುಸೇನ್ ಸರ್ ವಾಟ್ಸ್ಯಾಪಿನಲ್ಲಿ ಆಗಲೇ ಉತ್ತರ ಕಳಿಸಿರುತ್ತಿದ್ದರು. ಇಡೀ ರಾಣೆಬೆನ್ನೂರು ತಾಲ್ಲೂಕಿನ ವೃತ್ತಿ ಶಿಕ್ಷಣ ಶಿಕ್ಷಕರು ಹೀಗೆಯೇ ಪ್ರಥಮ ದರ್ಜೆಯಲ್ಲಿ ಪಾಸಾಗುತ್ತಿದ್ದರು.

ಇದನ್ನು ಕಂಡುಹಿಡಿದ ವಿಜ್ಞಾನಿಗಳು ಬೈಯಲಿಲ್ಲ. ಬದಲಿಗೆ ಒಂದು ಪ್ರಶ್ನೆ ಕೇಳಿಕೊಂಡರು. ಇವರನ್ನು ಕೂರಿಸುವುದೇ ಬೇಡ. ದಿನದಲ್ಲಿ ಮನುಷ್ಯನಿಗೆ ತಾನಾಗಿ ಸಿಗುವ ಚೂರುಪಾರು ಬಿಡುವನ್ನೇ ಹೆಕ್ಕಿ ಅದರೊಳಗೆ ಪಾಠ ತುಂಬಿದರೆ ಹೇಗೆ?

ಗುಂಡಿ ಹುಣಸೆ ಬೀಜದಷ್ಟಿತ್ತು. ಎಡಗಿವಿಯ ಹಿಂದೆ ಎಲುಬಿನ ಮೇಲೆ ಅಂಟಿಸುವುದು. ಮಿದುಳಿನ ಸಣ್ಣ ಸಣ್ಣ ವಿದ್ಯುತ್ ಅಲೆಗಳನ್ನು ಅದು ಸದಾ ಓದುತ್ತಿರುತ್ತದೆ. ಬಸ್ಸಿಗೆ ಕಾಯುವಾಗಲೋ, ಕೊಡ ತುಂಬುವುದನ್ನು ನೋಡುತ್ತ ನಿಂತಾಗಲೋ ತಲೆ ಖಾಲಿಯಾಗುತ್ತದಲ್ಲ, ಆ ಗಳಿಗೆ ಸಿಕ್ಕಿತೆಂದರೆ ಮುಗಿಯಿತು. ಹೊರಗಿನ ಸದ್ದನ್ನು ಅಡಗಿಸಿ, ಎಲುಬಿನ ಮೂಲಕ ಎರಡು ಮೂರು ನಿಮಿಷದ ಪಾಠವೊಂದನ್ನು ಒಳಗೆ ಬಿಡುತ್ತದೆ. ಮೊದಮೊದಲು ಪಾಠಕ್ಕೆ ಮುಂಚೆ ‘ಟಿಣ್’ ಎಂದು ಗಂಟೆ ಬಾರಿಸುತ್ತಿತ್ತು. ಗಂಟೆ ಕೇಳಿದ ಕೂಡಲೇ ಶಿಕ್ಷಕರ ಬಿಡುವು ಓಡಿಹೋಗುತ್ತದೆಂದು ಎರಡನೇ ಆವೃತ್ತಿಯಲ್ಲಿ ಅದನ್ನು ಕಿತ್ತುಹಾಕಿದರು. ಆಮೇಲೆ ಪಾಠ ಯಾವಾಗ ಬಂತು, ಯಾವಾಗ ಹೋಯಿತು ಎಂಬುದೇ ಯಾರಿಗೂ ತಿಳಿಯದಾಯಿತು. ತೂಕಡಿಸಿದ ಗಳಿಗೆ ನೆನಪಿನಲ್ಲಿ ಉಳಿಯುವುದಿಲ್ಲವಲ್ಲ, ಹಾಗೆ. ತಲೆಯೊಳಗೆ ಹೊಸ ವಿಷಯವೊಂದು ಬಂದು ಕುಳಿತಿರುತ್ತಿತ್ತು, ಅಷ್ಟೇ.

ವ್ಯವಹಾರ, ಮಾರಾಟ, ಕಚೇರಿ ನಿರ್ವಹಣೆ ಕಲಿಸುವವರಿಗೇ ಇದನ್ನು ಮೊದಲು ಹಚ್ಚಿದರು. ಮಾರುಕಟ್ಟೆ ದಿನಕ್ಕೊಂದು ವೇಷ ಹಾಕುವಾಗ ಅದನ್ನು ಕಲಿಸುವವರು ಹಳೇ ನೋಟ್ಸು ಓದಿಸುತ್ತ ಕೂತರೆ ಹೇಗೆ ಎಂಬ ಮಾತು ಸುಳ್ಳೇನೂ ಆಗಿರಲಿಲ್ಲ. ಅತಿಥಿ ಶಿಕ್ಷಕರಿಗೆ ಇನ್ನೊಂದು ಆಸೆಯನ್ನೂ ತೋರಿಸಿದ್ದರು. ವರ್ಷಪೂರ್ತಿ ಗುಂಡಿ ತೆಗೆಯದೆ ಪಾಠ ಮುಗಿಸಿದವರಿಗೆ ಕಾಯಂ ಹುದ್ದೆ. ನಡುವೆ ಒಂದು ದಿನ ತೆಗೆದಿಟ್ಟರೂ ಹೆಸರು ಪಟ್ಟಿಯಿಂದ ಹೊರಗೆ. ನೀಲಾಂಬಿಕಾ ಹನ್ನೆರಡು ವರ್ಷದಿಂದ ಅತಿಥಿಯಾಗಿಯೇ ಉಳಿದವಳು. ಇಷ್ಟು ದಿನ ಉಳಿದ ಅತಿಥಿಯನ್ನು ಯಾವ ಮನೆಯವರು ಮಾತನಾಡಿಸುತ್ತಾರೆ ಹೇಳಿ! ಗುಂಡಿ ಸಿಕ್ಕಿದ ದಿನವೇ ಹಚ್ಚಿಕೊಂಡಳು.

ಅವಳಿಗೆ ಆ ಹುದ್ದೆ ಬೇಕೇ ಬೇಕಿತ್ತು. ಗಂಡ ಫಕ್ಕೀರಪ್ಪ ತರಕಾರಿ ಮಾರುಕಟ್ಟೆಯಲ್ಲಿ ಹರಾಜಿನ ಸವಾಲು ಕೂಗುವವನು. ಟೊಮೆಟೊ ಬುಟ್ಟಿಗಳ ಮೇಲೆ ನಿಂತು ಅವನು ಸವಾಲು ಕೂಗಿದರೆ ಬಸ್ ನಿಲ್ದಾಣದ ತನಕ ಕೇಳುತ್ತಿತ್ತು. ಆ ವರ್ಷ ನವರಾತ್ರಿಯ ಹೊತ್ತಿಗೆ ಅವನಿಗೆ ಲಕ್ವಾ ಹೊಡೆಯಿತು. ಬಲಗೈ ಬಿತ್ತು, ಅದರ ಜೊತೆಗೆ ಮಾತೂ ಬಿತ್ತು. ತಿಳಿವಳಿಕೆ ಮಾತ್ರ ಒಂದಿಷ್ಟೂ ಅಲುಗಿರಲಿಲ್ಲ. ಎಲ್ಲ ತಿಳಿಯುತ್ತದೆ, ಶಬ್ದ ಸಿಗುವುದಿಲ್ಲ. ಅಂಥ ಬಾಯಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕೆ?

ಮಾತಿನ ಚಿಕಿತ್ಸೆ ಕೊಡುತ್ತಿದ್ದ ದಾವಣಗೆರೆಯ ಸಿಸಿಲಿಯಾ ಎಂಬಾಕೆ ನೀಲಾಂಬಿಕಾಳಿಗೆ ಒಂದೇ ಒಂದು ಕೆಲಸ ಹಚ್ಚಿದ್ದಳು.

“ದಿನಾ ಸಂಜೆ ಒಂದು ತಾಸು ಅವರ ಎದುರಿಗೆ ಕೂತ್ಕೊಳ್ಳಿ. ಏನಾದ್ರೂ ಕೇಳಿ. ಆಮೇಲೆ ಕಾಯಿರಿ. ಒಂದು ಶಬ್ದಕ್ಕೆ ಐದು ನಿಮಿಷ ಆದ್ರೂ ಕಾಯಿರಿ. ನೀವೇ ಬಾಯಿಗೆ ಶಬ್ದ ಹಾಕಬೇಡಿ. ಅವರು ಹೇಳಿದ್ದನ್ನ ಕೇಳೋರು ಒಬ್ಬರು ಇದಾರೆ ಅನ್ನೋದು ಅವರಿಗೆ ಗೊತ್ತಾಗಬೇಕು. ಈ ಒಂದು ವರ್ಷದಲ್ಲಿ ಬಂದಷ್ಟೇ ಮಾತು. ಪ್ರಯತ್ನ ಬಿಟ್ಟರೋ, ಆಮೇಲೆ ಬರೋದು ಕಷ್ಟ.”

ಹಾಗೆಯೇ ನಡೆಯಿತು. ಹಗಲು ನೆಗೆಣ್ಣಿ ಬಂದು ಅವನನ್ನು ನೋಡಿಕೊಳ್ಳುತ್ತಿದ್ದಳು. ಸಂಜೆ ಆರಕ್ಕೆ ನೀಲಾಂಬಿಕಾ ಅವನ ಮುಂದೆ ಕುರ್ಚಿ ಎಳೆದು ಕೂರುತ್ತಿದ್ದಳು. “ಇವತ್ತ ಏನ್ ತಿಂದ್ರಿ?” ಎಂದು ಕೇಳಿ ಕಾಯುತ್ತಿದ್ದಳು. ಅವನ ತುಟಿ ಒದ್ದಾಡುತ್ತಿದ್ದವು, ಹಣೆ ಬೆವರುತ್ತಿತ್ತು. ಒಂದು ಸಂಜೆ “ಅವ... ಅವಲಕ್ಕಿ” ಎಂದ. ಅವಳು ಕುರ್ಚಿಯಿಂದ ಹಾರಿಯೇಬಿಟ್ಟಳು. ಅವಲಕ್ಕಿಗೆ ಇಷ್ಟು ಮರ್ಯಾದೆ ಆ ಮನೆಯಲ್ಲಿ ಹಿಂದೆಂದೂ ಸಿಕ್ಕಿರಲಿಲ್ಲ.

ಅದಾದ ಮೇಲೆ ಬಂದದ್ದೇ ಗುಂಡಿಯ ಎರಡನೇ ಆವೃತ್ತಿ.

ಕಾಲೇಜಿನಲ್ಲಿ ಗುಂಡಿಯ ಕೀರ್ತಿ ದಿನೇ ದಿನೇ ಏರಿತು. ಒಂದು ದಿನ ನೀಲಾಂಬಿಕಾ ಮಾರಾಟ ಕಲೆಯ ತರಗತಿಯಲ್ಲಿ ತನ್ನ ಮೆಚ್ಚಿನ ಪಾಠ ಎತ್ತಿಕೊಂಡಿದ್ದಳು. ಬೆಲೆ ಹೇಳಿದ ಮೇಲೆ ಮಾರುವವರು ಬಾಯಿ ಮುಚ್ಚಿಕೊಂಡಿರಬೇಕು ಎಂಬ ಪಾಠ. ಹೊಸ ಮಾರಾಟಗಾರರು ಆ ಮೌನ ತಾಳಲಾರದೆ “ಬೇಕಾದ್ರ ಕಡಿಮಿ ಮಾಡ್ತೀನ್ರಿ” ಎಂದು ತಾವೇ ಕೆಡಿಸಿಕೊಳ್ಳುತ್ತಾರೆ. ಇದನ್ನು ತೋರಿಸಲು ಅವಳು ಮೇಜಿನ ಮೇಲಿದ್ದ ಒಂದು ಚೀಲ ಎತ್ತಿ, ಬೆಲೆ ಹೇಳಿ, ಗ್ರಾಹಕಿಯಾಗಿ ನಿಂತಿದ್ದ ಹುಡುಗಿಯ ಮುಖ ನೋಡುತ್ತ ಸುಮ್ಮನೆ ನಿಂತಳು.

ನಿಂತಳು ಎಂದರೆ ನಿಂತೇಬಿಟ್ಟಳು. ಕಣ್ಣು ಮಿಟುಕಿಸಲಿಲ್ಲ. ಹುಡುಗಿ ಮೊದಲು ನಕ್ಕಳು, ಆಮೇಲೆ ದುಪಟ್ಟಾ ತಿರುವಿದಳು, ಕೊನೆಗೆ ತಡೆಯಲಾರದೆ “ತಗೊಂತೀನ್ರೀ ಮಿಸ್, ತಗೊಂತೀನಿ! ಹಂಗ್ ನೋಡಬ್ಯಾಡ್ರಿ!” ಎಂದು ಕೂಗಿಕೊಂಡಳು. ತರಗತಿಯೆಲ್ಲ ಚಪ್ಪಾಳೆ ತಟ್ಟಿತು. ಆ ಸದ್ದಿಗೆ ನೀಲಾಂಬಿಕಾ ಬೆಚ್ಚಿದಳು. ಯಾಕೆ ಚಪ್ಪಾಳೆ ಎಂದೇ ಅವಳಿಗೆ ತಿಳಿಯಲಿಲ್ಲ. ಆದರೆ ಆನ್‌ಲೈನ್ ಅಂಗಡಿಗೆ ಸರಕು ಹಿಂದಿರುಗಿಸುವ ಗ್ರಾಹಕರನ್ನು ಸಮಾಧಾನ ಮಾಡುವ ಬಗೆ ಮಾತ್ರ ತಲೆಯಲ್ಲಿ ಸ್ಪಷ್ಟವಾಗಿ ಕುಳಿತಿತ್ತು.

“ಏನ್ ನಟನೆ ಮಾಡಿದ್ರಂತ ಮೇಡಂ!” ಎಂದು ಇಮಾಮ್‌ಹುಸೇನ್ ಸರ್ ಚಹಾ ಹೊತ್ತಿನಲ್ಲಿ ನಕ್ಕರು. “ನನಗಂತೂ ಈ ಗುಂಡಿ ದೇವರು ಕೊಟ್ಟ ವರ. ನಮಾಜಿಗೆ ನಿಂತಾಗ ಮಾತ್ರ ಸ್ವಲ್ಪ ಕಾಟ. ಮುಗಿಸಿ ಎದ್ದರ ರಫ್ತು ನಿಯಮ ನೆನಪಾಗಿರ್ತಾವ.”

ಅವಳೂ ನಕ್ಕಳು. ಆದರೆ ಆ ದಿನದಿಂದ ಎದೆಯೊಳಗೆ ಒಂಥರಾ ತಳಮಳ ಶುರುವಾಯಿತು. ಕೈ ಸುಮ್ಮನೆ ಇರುತ್ತಿರಲಿಲ್ಲ. ಕೂತಲ್ಲಿ ಸೆರಗಿನ ಅಂಚು ಕೀಳುವಳು, ನಿಂತಲ್ಲಿ ಗೋಡೆ ತಟ್ಟುವಳು. ಸೊಪ್ಪಿನವಳು ಬಾಗಿಲಿಗೆ ಬಂದರೆ “ನಿಮ್ಮ ಅಗತ್ಯ ಏನೆಂದು ತಿಳಿಯಬಹುದೇ?” ಎಂದು ಕೇಳಿ ತಾನೇ ನಾಲಿಗೆ ಕಚ್ಚಿಕೊಳ್ಳುವಳು. ಇಡೀ ದಿನದಲ್ಲಿ ಒಂದು ಸಲವೂ ಸುಮ್ಮನೆ ಏನನ್ನೂ ಯೋಚಿಸದೆ ಇದ್ದೆನೆಂಬ ನೆನಪು ಬರುತ್ತಿರಲಿಲ್ಲ. ಮೈಯಲ್ಲಿ ದಣಿವು, ತಲೆಯಲ್ಲಿ ಸಂತೆ. ಹಾಳಾದ್ದು ವಯಸ್ಸಿರಬೇಕು ಎಂದುಕೊಂಡಳು.

ಇದಕ್ಕಿಂತ ದೊಡ್ಡ ಸಂಕಟ ಮನೆಯಲ್ಲಿ ಕಾದಿತ್ತು. ಫಕ್ಕೀರಪ್ಪ ಮಾತನಾಡುವುದನ್ನು ನಿಲ್ಲಿಸುತ್ತ ಬಂದ. ಸಂಜೆಯ ತಾಸು ತಪ್ಪಿರಲಿಲ್ಲ. ಅವಳು ಕುರ್ಚಿ ಎಳೆದು ಕೂರುತ್ತಿದ್ದಳು, ಕೇಳುತ್ತಿದ್ದಳು, ಕಾಯುತ್ತಿದ್ದಳು. ಅವನು ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿ, ತುಟಿ ಬಿಗಿದು, ಕಿಟಕಿಯ ಕಡೆ ತಿರುಗಿಬಿಡುತ್ತಿದ್ದ. ಬೇಸಿಗೆ ಬರುವಷ್ಟರಲ್ಲಿ ತುಟಿ ಆಡಿಸುವುದೂ ನಿಂತಿತು.

“ಒಂದ್ ಶಬ್ದ ಹೇಳ್ರೀ,” ಎಂದು ಒಂದು ಸಂಜೆ ಅವಳು ಅವನ ಮೊಣಕಾಲು ಹಿಡಿದು ಅತ್ತೇಬಿಟ್ಟಳು. “ಅವಲಕ್ಕಿ ಅಂತಾದ್ರೂ ಅನ್ರಿ. ನನ್ನ ಮ್ಯಾಲೆ ಸಿಟ್ಟೈತೇನು? ಯಾಕ ಹಿಂಗ್ ಮಾಡ್ತೀರಿ?”

ಅವನು ಎಡಗೈಯಿಂದ ಅವಳ ತಲೆ ಸವರಿದ.

ಸಿಸಿಲಿಯಾ ಪರೀಕ್ಷೆ ಮಾಡಿ ಹುಬ್ಬು ಗಂಟಿಕ್ಕಿದಳು. “ಮಿದುಳು ಸುಧಾರಿಸಿದೆ. ನಾಲಿಗೆಯೂ ಚೆನ್ನಾಗಿ ಹೊರಳ್ತಾ ಇದೆ. ಇಷ್ಟು ಹೊತ್ತಿಗೆ ಸಣ್ಣ ಸಣ್ಣ ವಾಕ್ಯ ಬರಬೇಕಿತ್ತು. ಯಾಕೋ ಅವರೇ ಬಿಟ್ಟುಬಿಟ್ಟಿದ್ದಾರೆ. ನೀವು ಕಾಯ್ತಾ ಇದೀರಿ ತಾನೇ?”

“ಕಾಯಾಕತ್ತೀನ್ರಿ,” ಎಂದಳು ನೀಲಾಂಬಿಕಾ. ಆ ಪ್ರಶ್ನೆಗೆ ಅವಳಿಗೆ ಸಿಟ್ಟೂ ಬಂತು. ಕಾಯದೆ ಇನ್ನೇನು ಮಾಡುತ್ತಿದ್ದಳು?

ವರ್ಷ ಮುಗಿಯಲು ಒಂಬತ್ತು ದಿನ ಇರುವಾಗ ಹುಬ್ಬಳ್ಳಿಯ ತರಬೇತಿ ನಿಯಂತ್ರಣ ಕೇಂದ್ರದಿಂದ ಕರೆ ಬಂತು. ಇಡೀ ರಾಜ್ಯದಲ್ಲಿ ಅತಿ ಚೆನ್ನಾಗಿ ಕಲಿತವರಲ್ಲಿ ನೀಲಾಂಬಿಕಾ ಮೊದಲಿಗಳಂತೆ, ಬಂದು ಭೇಟಿಯಾಗಬೇಕಂತೆ. ಅವಳು ಇದ್ದುದರಲ್ಲಿ ಒಳ್ಳೆಯ ಇಳಕಲ್ ಸೀರೆ ಉಟ್ಟು ಬಸ್ಸು ಹತ್ತಿದಳು. ಕಾಯಂ ಹುದ್ದೆಯ ಸುದ್ದಿಯನ್ನೇ ಹೇಳುತ್ತಾರೇನೋ, ಅದನ್ನು ಕೇಳಿಯಾದರೂ ಅವನು ಬಾಯಿ ಬಿಡುತ್ತಾನೇನೋ ಎಂಬ ಆಸೆ ದಾರಿಯುದ್ದಕ್ಕೂ ಕುಣಿಸಿತು.

ನಿಯಂತ್ರಣ ಕೇಂದ್ರ ತಣ್ಣಗಿತ್ತು. ಗೋಡೆ ತುಂಬ ಪರದೆ, ಪರದೆ ತುಂಬ ಹಸಿರು ಚುಕ್ಕೆಗಳು. ಒಂದೊಂದು ಚುಕ್ಕೆ ಒಬ್ಬೊಬ್ಬ ಶಿಕ್ಷಕರ ಬಿಡುವು. ಮೇಧಾ ಎಂಬ ಬೆಂಗಳೂರಿನ ಇಂಜಿನಿಯರ್ ಹುಡುಗಿ ಖುಷಿಯಿಂದ ಅವಳ ಕೈ ಕುಲುಕಿ ಕುರ್ಚಿ ಕೊಟ್ಟಳು.

“ನಿಮ್ಮನ್ನ ನೋಡ್ಬೇಕು ಅಂತ ನಾವೆಲ್ಲ ಕಾಯ್ತಾ ಇದ್ವಿ ಮೇಡಂ. ಇಲ್ಲಿ ನೋಡಿ, ಇದು ನೀವು.” ಪರದೆಯ ಮೇಲೆ ನೀಲಾಂಬಿಕಾಳ ದಿನಗಳು ಸಾಲಾಗಿ ಬಂದವು. ಚದುರಿದ ಸಣ್ಣ ಚುಕ್ಕೆಗಳ ನಡುವೆ ಪ್ರತಿದಿನವೂ ಒಂದು ದಪ್ಪನೆಯ ಹಸಿರು ಪಟ್ಟಿ. “ಬೇರೆಯವರ ಬಿಡುವಿನಲ್ಲಿ ಮನಸ್ಸು ಎಲ್ಲೆಲ್ಲೋ ಅಲೀತಾ ಇರುತ್ತೆ. ಪಾಠ ಅರ್ಧ ಸೋರಿಹೋಗುತ್ತೆ. ನಿಮ್ಮ ಈ ಪಟ್ಟಿ ಇದೆಯಲ್ಲ, ಇದರಲ್ಲಿ ಮನಸ್ಸು ಪೂರ್ತಿ ಎಚ್ಚರ, ಆದ್ರೆ ಪೂರ್ತಿ ಖಾಲಿ. ಯಾವುದೋ ಒಂದು ಸದ್ದಿಗೆ ಕಿವಿ ತೆರೆದು ಕೂತ ಹಾಗೆ. ಒಂದರ ಹಿಂದೆ ಒಂದು ಪಾಠ ಹಾಕಿದ್ರೂ ಎಲ್ಲ ಹೀರ್ಕೊಳ್ಳುತ್ತೆ! ಇಂಥ ಸ್ಥಿತಿ ಇರಬಹುದು ಅಂತಲೇ ನಮಗೆ ಗೊತ್ತಿರಲಿಲ್ಲ. ಮುಂದಿನ ಆವೃತ್ತಿಯಲ್ಲಿ ಎಲ್ಲ ಶಿಕ್ಷಕರಿಗೂ ಇದನ್ನೇ ಅಭ್ಯಾಸ ಮಾಡಿಸ್ತೀವಿ. ನೀವು ಏನು ಮೇಡಂ, ಧ್ಯಾನ ಮಾಡ್ತೀರಾ?”

“ಇದು ಯಾ ಹೊತ್ತಿನ್ಯಾಗ ಬರ್ತೈತ್ರಿ?” ಎಂದು ನೀಲಾಂಬಿಕಾ ಕೇಳಿದಳು.

“ದಿನಾ ಸಂಜೆ. ಆರರಿಂದ ಏಳು. ಒಂದು ದಿನವೂ ತಪ್ಪಿಲ್ಲ.”

ಅವಳು ಪರದೆಯನ್ನೇ ನೋಡಿದಳು. ಹಸಿರು ಪಟ್ಟಿಯ ಕೆಳಗೆ ತೆಳ್ಳಗಿನ ಕೆಂಪು ಗೆರೆಗಳು ಕಂಡವು. “ಈ ಕೆಂಪಂದು?”

“ಅದೇನಿಲ್ಲ, ಹೊರಗಿನ ಗದ್ದಲ. ಎದುರಿನಿಂದ ಯಾವುದೋ ಗಂಡಸಿನ ದನಿ ಬರ್ತಿತ್ತು. ಟಿವಿ ಅನ್ಸುತ್ತೆ. ನಾವು ಮಾತು ರೆಕಾರ್ಡ್ ಮಾಡಲ್ಲ, ಕಾನೂನು ಒಪ್ಪಲ್ಲ. ಬರೀ ಸದ್ದಿನ ಅಳತೆ. ಅದು ಬಂದಾಗೆಲ್ಲ ಗುಂಡಿ ಅಳಿಸಿಹಾಕ್ತಿತ್ತು, ನಿಮ್ಮ ಪಾಠಕ್ಕೆ ಏನೂ ತೊಂದರೆ ಆಗಿಲ್ಲ.” ಮೇಧಾ ಬೆರಳಿನಿಂದ ಗೆರೆಗಳನ್ನು ಹಿಗ್ಗಿಸಿದಳು. “ಮೊದಲು ಚಿಕ್ಕ ಚಿಕ್ಕದು. ಆಮೇಲೆ ಉದ್ದ ಆಗ್ತಾ ಬಂತು. ನೋಡಿ, ಇಲ್ಲಿ ನಿಂತು ನಿಂತು ಒಂದು ನಿಮಿಷದವರೆಗೂ ಇದೆ. ಅಲ್ಲಿಂದ ಕಡಿಮೆಯಾಗಿ, ಈಗ ಎರಡು ತಿಂಗಳಿಂದ ಪೂರ್ತಿ ನಿಂತಿದೆ. ತುಂಬಾ ಒಳ್ಳೇ ವಾತಾವರಣ.”

ನಿಂತು ನಿಂತು ಒಂದು ನಿಮಿಷ. ಅಂದರೆ ಒಂದು ಶಬ್ದವಲ್ಲ, ವಾಕ್ಯ. ಅವನು ವಾಕ್ಯ ಹೇಳಿದ್ದಾನೆ. ಬೆವರು ಸುರಿಸಿ, ಒಂದೊಂದೇ ಶಬ್ದ ಹುಡುಕಿ ಜೋಡಿಸಿ, ಎದುರಿಗೇ ಕೂತ ಹೆಂಡತಿಗೆ ಹೇಳಿದ್ದಾನೆ. ಅವಳು ಕಣ್ಣು ಬಿಟ್ಟುಕೊಂಡು ಸರಕು ಸಾಗಣೆಯ ಪಾಠ ಕೇಳುತ್ತ ಕೂತಿದ್ದಳು. ಏನು ಹೇಳಿದ್ದನೋ! ಯಾರ ಬಳಿಯೂ ಈಗ ಅದು ಇಲ್ಲ.

“ಟಿವಿ ಅಲ್ಲವ್ವ ಅದು,” ಎಂದಳು. “ನನ್ನ ಗಂಡ.”

ವಿಷಯ ತಿಳಿದಾಗ ಮೇಧಾಳ ಮುಖ ಬಿಳಿಚಿತು. ಕೆಟ್ಟ ಹುಡುಗಿಯಲ್ಲ ಅವಳು. ಕಣ್ಣಲ್ಲಿ ನೀರೇ ಬಂತು. “ಗುಂಡಿಗೆ ಅದು ಬಿಡುವಿನ ಥರಾನೇ ಕಾಣುತ್ತೆ ಮೇಡಂ. ವ್ಯತ್ಯಾಸ ಗೊತ್ತಾಗಲ್ಲ. ಸಂಜೆ ಹೊತ್ತು ಮಾತ್ರ ನಿಲ್ಲಿಸೋಕೆ ನನ್ನ ಕೈಯಲ್ಲಿ ಆಗಲ್ಲ... ಆದ್ರೆ ಇನ್ನು ಒಂಬತ್ತೇ ದಿನ. ಆದೇಶ ಕೈಗೆ ಬರಲಿ, ಆಮೇಲೆ ತೆಗೆದುಬಿಡಿ. ಇಷ್ಟು ದಿನ ತಡೆದಿದ್ದೀರಿ.”

ನೀಲಾಂಬಿಕಾಳಿಗೆ ಆ ಮಾತು ಸರಿಯೆಂದೇ ಕಂಡಿತು. ಒಂಬತ್ತು ದಿನ ಅವನ ಎದುರು ಕೂರದೆ ಇದ್ದರಾಯಿತು. ಆದರೆ ಎರಡು ತಿಂಗಳಿಂದ ಬಾಯಿ ಮುಚ್ಚಿ ಕೂತವನು ಇನ್ನೂ ಒಂಬತ್ತು ದಿನ ಖಾಲಿ ಕುರ್ಚಿ ನೋಡಿದರೆ? ಆಮೇಲೆ ಅವನನ್ನು ಯಾರು ಮಾತಿಗೆ ಎಳೆಯುತ್ತಾರೆ? ಅಷ್ಟರಲ್ಲಿ, ನೋಡಿ ಆ ಗುಂಡಿಯ ಸೊಕ್ಕನ್ನು, ಅವಳು ಹೀಗೆ ಪರದೆ ದಿಟ್ಟಿಸಿ ಸುಮ್ಮನಾದದ್ದೇ ತಡ, ಹಸಿರು ಚುಕ್ಕೆಯೊಂದು ಅವಳ ಸಾಲಿನಲ್ಲಿ ಪಕ್ಕನೆ ಹೊತ್ತಿತು. ಮೇಧಾ ಏನೋ ಹೇಳುತ್ತಿದ್ದವಳು ಬಾಯಿ ಆಡಿಸುವುದಷ್ಟೇ ಕಾಣತೊಡಗಿತು. ಚುಕ್ಕೆ ಕಣ್ಣೆದುರೇ ಹೊತ್ತಿದ್ದರಿಂದ ಈ ಸಲ ಮಾತ್ರ ಪಾಠ ನುಸುಳುವುದು ಅವಳಿಗೆ ತಿಳಿಯಿತು.

ನೀಲಾಂಬಿಕಾ ಕಿವಿಯ ಹಿಂದೆ ಉಗುರು ಹಾಕಿ ಗುಂಡಿಯನ್ನು ಕಿತ್ತಳು. ಚರ್ಮವೂ ಒಂದಿಷ್ಟು ಕಿತ್ತುಬಂತು. ಅದನ್ನು ಮೇಜಿನ ಮೇಲಿಟ್ಟು, “ನಾ ಖಾಲಿ ಕುಂತಿದ್ದಿಲ್ಲ ತಂಗಿ. ಕಾಯಾಕತ್ತಿದ್ದೆ,” ಎಂದಳು. ಪರದೆಯಲ್ಲಿ ಅವಳ ಸಾಲು ಪೂರ್ತಿ ಕಪ್ಪಾಯಿತು.

ಬಸ್ಸಿನಲ್ಲಿ ಕೂತಾಗ ನೆಮ್ಮದಿ ಸಿಗುತ್ತದೆಂದು ಅವಳು ತಿಳಿದಿದ್ದಳು. ಎಲ್ಲಿಯ ನೆಮ್ಮದಿ! ಗುಂಡಿ ಇಲ್ಲದಿದ್ದರೂ ತಲೆ ತನ್ನ ಪಾಡಿಗೆ ಪಾಠ ಒದರುತ್ತಿತ್ತು. ಕಿಟಕಿಯ ಹೊರಗೆ ಹೊಲ ಕಂಡರೆ ಸರಕು, ಲಾರಿ ಕಂಡರೆ ಸಾಗಣೆ. ಒಂದು ವರ್ಷ ಬಿಡುವು ಸಿಗದ ತಲೆ ಬಿಡುವೆಂದರೆ ಹೆದರುವಂತಾಗಿತ್ತು. ಹನ್ನೆರಡು ವರ್ಷದ ಆಸೆಯನ್ನು ಒಂದು ಉಗುರಿನಲ್ಲಿ ಕಿತ್ತೆಸೆದು ಬಂದದ್ದೂ ಆಗಾಗ ಚುಚ್ಚುತ್ತಿತ್ತು. ಕಾಯಲು ಕೂತರೆ ತನಗೆ ಇನ್ನು ಕಾಯಲಿಕ್ಕಾದರೂ ಬರುತ್ತದೋ ಇಲ್ಲವೋ ಎಂಬುದು ಎಲ್ಲಕ್ಕಿಂತ ದೊಡ್ಡ ಭಯವಾಯಿತು.

ಮನೆಗೆ ಬಂದಾಗ ಆರು ದಾಟಿತ್ತು. ನೆಗೆಣ್ಣಿ ಹೊರಟುಹೋದಳು. ನೀಲಾಂಬಿಕಾ ಸೀರೆಯನ್ನೂ ಬದಲಿಸದೆ ಕುರ್ಚಿ ಎಳೆದು ಅವನ ಎದುರು ಕೂತಳು. ಏನು ಕೇಳಬೇಕೋ ತೋಚಲಿಲ್ಲ. ಸುಮ್ಮನೆ ಅವನ ಮುಖ ನೋಡಿದಳು.

ಅವನ ಕಣ್ಣು ಅವಳ ಕಿವಿಯ ಹಿಂದೆ ಹೋಯಿತು. ಅಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಎಡಗೈ ಮೇಲೆತ್ತಿ ಆ ಜಾಗ ಮುಟ್ಟಿದ. ಹುಬ್ಬು ಮೇಲೇರಿದವು.

“ಎ... ಎಲ್ಲಿ?” ಎಂದ.

ಎರಡು ತಿಂಗಳ ಮೇಲೆ ಬಂದ ಶಬ್ದ. “ತಗದ್ ಬಂದೆ,” ಎಂದಷ್ಟೇ ಹೇಳಿ, ಮುಂದೆ ಹೇಳಬೇಕೆಂದಿದ್ದ ನೂರು ಮಾತನ್ನು ಹಲ್ಲು ಕಚ್ಚಿ ತಡೆದಳು.

ಫಕ್ಕೀರಪ್ಪನ ಮುಖ ಕೆಂಪಾಯಿತು. ತುಟಿ ಕೂಡಿದವು, ಬಿಟ್ಟವು, ಮತ್ತೆ ಕೂಡಿದವು. ಅವಳ ತಲೆಯಲ್ಲಿ ಗ್ರಾಹಕರ ಆಕ್ಷೇಪಣೆ ನಿವಾರಿಸುವ ಬಗೆ ಎಂದು ಯಾವುದೋ ದನಿ ಶುರುವಾಯಿತು. ಎರಡೂ ಕೈಯಿಂದ ಕುರ್ಚಿಯ ಅಂಚು ಹಿಡಿದುಕೊಂಡು ಅವನ ತುಟಿಯನ್ನೇ ನೋಡಿದಳು.

“ಯಾ... ಯಾಕ... ತಗದಿ?”

ಅದು ಪ್ರಶ್ನೆಯಲ್ಲ, ಗದರಿಕೆ. ಅವಳಿಗೆ ಅರ್ಥವಾಗಲಿಲ್ಲ. ಅವನು ಎಡಗೈಯಿಂದ ಗೋಡೆಯ ಕ್ಯಾಲೆಂಡರ್ ತೋರಿಸಿದ. ಹುದ್ದೆಗೆ ಇನ್ನೆಷ್ಟು ದಿನ ಎಂದು ಅವಳು ಅವನಿಗೆ ದಿನಾ ಎಣಿಸಿ ಹೇಳುತ್ತಿದ್ದ ಕ್ಯಾಲೆಂಡರ್. ಹೊರಗೆ ಯಾರೋ ಗಾಡಿ ನಿಲ್ಲಿಸಿದರು, ಮತ್ತೆ ಹೋದರು. ಅವನು ಶಬ್ದ ಹುಡುಕುತ್ತಲೇ ಇದ್ದ.

“ನಾ... ಸುಮ್ಮನ... ಕುಂತಿದ್ದೆ.” ಬೆವರು ಹಣೆಯಿಂದ ಇಳಿಯಿತು. “ನಿನ್ನ... ಪಾಠಕ್ಕ.”

ಆಗ ತಿಳಿಯಿತು ಅವಳಿಗೆ. ಎದುರಿಗೆ ಕೂತ ಹೆಂಡತಿಯ ಕಣ್ಣು ಎಲ್ಲಿ ನಿಲ್ಲುತ್ತದೆ, ಯಾವಾಗ ಮರಳುತ್ತದೆ ಎಂಬುದನ್ನು ಅವನು ದಿನಾ ನೋಡಿದ್ದ. ಪಾಠ ನಡೆದಿದೆ ಎಂದು ಅವನಿಗೆ ಗೊತ್ತಾಗಿತ್ತು. ಕರೆದು ನೋಡಿದ್ದ, ಹೇಳಿ ನೋಡಿದ್ದ, ಆಮೇಲೆ ತನ್ನ ಮಾತಿನಿಂದ ಅವಳ ಪಾಠ ಕೆಡದಿರಲೆಂದು ಬಾಯಿ ಮುಚ್ಚಿದ್ದ. ಅವನು ಸೋತದ್ದಲ್ಲ. ಅವಳ ಹುದ್ದೆಗಾಗಿ ಬಂದ ಮಾತನ್ನೆಲ್ಲ ನುಂಗಿಕೊಂಡು ಕೂತಿದ್ದ. ಮತ್ತೆ ಇವಳು ಒಂಬತ್ತು ದಿನ ಇರುವಾಗ ಕಿತ್ತು ಬಂದಿದ್ದಾಳೆ! ಸಿಟ್ಟು ಬಾರದೆ ಇರುತ್ತದೆಯೇ?

“ಬುದ್ಧಿ...” ಎಂದು ಅವನು ಶುರುಮಾಡಿದ. ಮುಂದಿನದು ಸಿಗಲಿಲ್ಲ. ಕಣ್ಣು ಮುಚ್ಚಿ ಹುಡುಕಿದ. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. “ಬುದ್ಧಿ... ಐತೇನು... ನಿನಗ?”

ಅವಳಿಗೆ ನಗೆಯೂ ಅಳುವೂ ಒಟ್ಟಿಗೇ ನುಗ್ಗಿ ಬಂದವು. ಇಲ್ಲರೀ, ಇಲ್ಲ, ನನಗೆ ಒಂದಿಷ್ಟೂ ಬುದ್ಧಿಯಿಲ್ಲ, ಬೈಯಿರಿ ಎಂದು ಕೂಗಬೇಕೆನಿಸಿತು. ಕೂಗಲಿಲ್ಲ. ತಲೆಯೊಳಗಿನ ದನಿ ಇನ್ನೂ ಗ್ರಾಹಕರನ್ನು ಸಮಾಧಾನ ಮಾಡುತ್ತಲೇ ಇತ್ತು. ಬಡಕೊಳ್ಳಲಿ ಎಂದು ಬಿಟ್ಟಳು.

ಅವನ ಬೈಗುಳ ಇನ್ನೂ ಮುಗಿದಿರಲಿಲ್ಲ. ತುಟಿ ಮುಂದಕ್ಕೆ ಬಂದು ದುಂಡಾದವು, ಉಸಿರಷ್ಟೇ ಬಂತು, ಮತ್ತೆ ದುಂಡಾದವು. ಯಾವ ಶಬ್ದಕ್ಕೆ ಅವನು ಒದ್ದಾಡುತ್ತಿದ್ದಾನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮದುವೆಯಾದಾಗಿನಿಂದ, ಉಪ್ಪು ಹೆಚ್ಚಾದಾಗ, ಬಸ್ಸು ತಪ್ಪಿಸಿಕೊಂಡಾಗ, ಪ್ರೀತಿ ಬಂದಾಗ ಅವನು ಅವಳನ್ನು ಬೈಯುತ್ತಿದ್ದದ್ದು ಅದೊಂದೇ ಶಬ್ದದಿಂದ. ಹೇಳಿಕೊಟ್ಟಿದ್ದರೆ ಅವನಿಗೆ ಎಷ್ಟೋ ಸುಲಭವಾಗುತ್ತಿತ್ತು. ಅವಳು ಹೇಳಿಕೊಡಲಿಲ್ಲ, ಬೈಸಿಕೊಳ್ಳಲು ಕಾಯುತ್ತ ಕೂತಳು.